ಸೂಜಿರಾಯರ ಸಮುದ್ರಯಾನ

ಬೈಲಹೊಂಗಲದ ಬಸ್ಸು ದೊಡವಾಡದ ಅಗಸೆಬಾಗಿಲಲ್ಲಿ ನಿಂತು, ಹೆಗಲಿಗೆ ಖಾಕಿಯ ಚೀಲ ತೂಗುಹಾಕಿಕೊಂಡ ಬಿಳಿಧೋತರದ ಕೃಶಪುರುಷರೊಬ್ಬರು ಅದರಿಂದ ಇಳಿದರೆಂದರೆ, ಊರಿನ ಓಣಿಗಳೆಲ್ಲ ಕ್ಷಣಮಾತ್ರದಲ್ಲಿ ಬರಿದಾಗುತ್ತಿದ್ದವು. ಗೋಲಿಯಾಡುತ್ತಿದ್ದ ಹುಡುಗರು ಗೋಲಿಗಳನ್ನು ಬಿದ್ದಲ್ಲಿಯೇ ಬಿಟ್ಟು ಹಿತ್ತಿಲಿನ ಗೋಡೆ ಜಿಗಿಯುವರು. ಎಳೆಗೂಸುಗಳನ್ನು ತಾಯಂದಿರು ಸೆರಗಿನಲ್ಲಿ ಮುಚ್ಚಿಕೊಳ್ಳುವರು. ನಡೆಯಲು ಬಂದ ಮಕ್ಕಳನ್ನು ಜೋಳದ ಕಣಜದಲ್ಲಿ ಇಳಿಸಿ, ಮೇಲೆ ಮೊರ ಕವುಚಿ, ಅಜ್ಜಿಯಂದಿರು ಏನೂ ಅರಿಯದವರಂತೆ ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತ ಕುಳಿತುಬಿಡುವರು. "ಸೂಜಿರಾಯ ಬಂದ್ನಲೇ!" ಎಂಬುದೊಂದು ಕೂಗು ಮಾತ್ರ ಓಣಿಯಿಂದ ಓಣಿಗೆ ಹಾರಿಹೋಗುತ್ತಿತ್ತು.

ತಂದೆತಾಯಿ ಇಟ್ಟ ಹೆಸರು ದಿಗಂಬರರಾಯ. ಸಂಪಗಾಂವದ ವೈದಿಕ ಮನೆತನ; ತಂದೆ ಪಂಚಾಂಗ ಹೇಳಿ ಸುತ್ತಲಿನ ಹಳ್ಳಿಗಳಿಗೆಲ್ಲ ಮಾನ್ಯರಾಗಿದ್ದವರು. ಮಗನು ಸರಕಾರದ ಆರೋಗ್ಯ ಖಾತೆಯಲ್ಲಿ ಸಿಡುಬಿನ ಸೂಜಿ ಹಾಕುವ ಕೆಲಸ ಹಿಡಿದಂದು ಆ ವೃದ್ಧರು, "ಊರ ಮಂದೀ ತೋಳ ಹಿಡಿಯೂ ಕೈಲೆ ಸಾಲಿಗ್ರಾಮ ಹ್ಯಾಂಗ ಮುಟ್ಟತೀಯೋ?" ಎಂದು ಕೇಳಿದ್ದರು. "ಎರಡನ್ನೂ ಕೈ ತೊಳಕೊಂಡೇ ಮುಟ್ಟತೀನಿ," ಎಂದು ಮಗನು ತಲೆ ತಗ್ಗಿಸಿ ಉತ್ತರಿಸಿದ್ದನು. ಆ ಉತ್ತರದಲ್ಲಿ ಅವಿನಯವಿರಲಿಲ್ಲ. ವರ್ಷಗಳುದ್ದಕ್ಕೂ ಆತನು ಹಾಗೆಯೇ ನಡೆದುಕೊಂಡನು.

ಮೊದಲ ದಿನ ಊರಿನಲ್ಲಿ ಒಬ್ಬರೂ ತೋಳು ಕೊಡಲು ಮುಂದೆ ಬರಲಿಲ್ಲ. ಆಗ ಹೊಸದಾಗಿ ಮನೆ ತುಂಬಿದ್ದ ಸೊಸೆ, ಆತನ ಹೆಂಡತಿ ಇಂದಿರಾಬಾಯಿ, ಅತ್ತೆಯ ಕಣ್ಣೆದುರಿನಲ್ಲಿಯೇ ರವಿಕೆಯ ತೋಳು ಮೇಲೇರಿಸಿ ನಿಂತಳು. ಕಲಿಯದ ಕೈ; ಸೂಜಿ ಆಳಕ್ಕೆ ಇಳಿಯಿತು. ಹುಣಿಸೆಬೀಜದಷ್ಟು ದೊಡ್ಡ ಕಲೆಯೊಂದು ಆಕೆಯ ಎಡದೋಳಿನಲ್ಲಿ ಶಾಶ್ವತವಾಗಿ ನಿಂತಿತು.

ಅಂದಿನಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳನ್ನು ಸುತ್ತುತ್ತ ಸುತ್ತುತ್ತ ದಿಗಂಬರರಾಯರಿಗೆ ಒಂದು ವಿಶೇಷ ದೃಷ್ಟಿ ಪ್ರಾಪ್ತವಾಯಿತು. ಅದು ಸಂಶಯದ ದೃಷ್ಟಿ. ಮಧ್ಯಾಹ್ನದ ಹೊತ್ತು ಒಂದು ಮನೆಯಿಂದ ಒಗ್ಗರಣೆಯ ವಾಸನೆ ಬಾರದಿದ್ದರೆ ಅವರ ಹೆಜ್ಜೆ ನಿಲ್ಲುವುದು. ಬಾಗಿಲಿನಲ್ಲಿ ಬೇವಿನ ಸೊಪ್ಪು ಕಂಡರೆ, ಹೆಂಗಸರ ತಲೆ ಬಾಚದಿದ್ದರೆ, ನೆರೆಯವರು ಕೇಳಿದ ಮಜ್ಜಿಗೆಯನ್ನು ಆ ಮನೆಯವರು ಕೊಡದೆ ಹೋದರೆ, ಒಳಗೆ ಸಿಡುಬಿನ ಕೂಸು ಮಲಗಿದೆಯೆಂದೂ, ದೇವಿ ಬಂದಿದ್ದಾಳೆಂದು ಮನೆಯವರು ಅದನ್ನು ಬಚ್ಚಿಟ್ಟಿದ್ದಾರೆಂದೂ ಅವರು ತಿಳಿಯುವರು. ಈ ಸಂಶಯವು ಎಷ್ಟೋ ಜೀವಗಳನ್ನು ಉಳಿಸಿತ್ತು. ಆದರೆ ಅದು ಕೆಲಸದ ಹೊತ್ತು ಮುಗಿದ ಮೇಲೂ ಕಣ್ಣಿನಿಂದ ಇಳಿಯುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತಾಗ ಪಕ್ಕದ ಕೂಸಿನ ಅಂಗಿಯ ತೋಳನ್ನು ಮೆಲ್ಲನೆ ಸರಿಸಿ ಸೂಜಿಯ ಕಲೆಯಿದೆಯೇ ಎಂದು ನೋಡುವರು, ಬಸ್ಸಿನಲ್ಲಿ ನೋಡುವರು, ಗುಡಿಯ ಪ್ರದಕ್ಷಿಣೆಯಲ್ಲಿಯೂ ನೋಡುವರು.

ಇದರ ಫಲವನ್ನು ಉಂಡವಳು ಇಂದಿರಾಬಾಯಿ. ಆಕೆ ಅಂಗಳಕ್ಕೆ ಬಂದರೆ ಆಡುವ ಮಕ್ಕಳು ಚದರುವರು. ಸವದತ್ತಿಯ ಒಂದು ಮುಂಜಿವೆಯಲ್ಲಿ, ಹಟ ಮಾಡುವ ಮಗನಿಗೆ ತುತ್ತಿಡುತ್ತಿದ್ದ ಹೆಂಗಸೊಬ್ಬಳು ಆಕೆಯತ್ತ ಬೆರಳು ಮಾಡಿ, "ಉಣ್ಣತೀಯೋ, ಅಕೀ ಗಂಡನ್ನ ಕರೀಲೋ?" ಎಂದಳು. ಕೂಸು ಗಪ್ಪನೆ ಬಾಯಿ ತೆರೆಯಿತು. ಇಂದಿರಾಬಾಯಿ ಎಲೆಯ ಮೇಲಿನ ಹೋಳಿಗೆಯನ್ನು ಹಾಗೆಯೇ ಬಿಟ್ಟು ಎದ್ದಳು. ರಾಮದುರ್ಗಕ್ಕೆ ಕೊಟ್ಟ ಸ್ವಂತ ಮಗಳು ಯಮುನಾ ಕೂಡ ತನ್ನ ಮಗನನ್ನು ಮಲಗಿಸುವುದು ಅಜ್ಜನ ಹೆಸರು ಹೇಳಿ ಹೆದರಿಸಿಯೇ ಎಂಬುದೂ ಆಕೆಗೆ ತಿಳಿಯಿತು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ರಾಯರಿಗೆ ಅಪರೂಪಕ್ಕೆ ರಜೆ ದೊರೆಯಿತು. ಹೆಂಡತಿಯು ಸಮುದ್ರವನ್ನು ಕಂಡವಳಲ್ಲ. ಪಣಜಿಯಿಂದ ಆಗಬೋಟನ್ನು, ಎಂದರೆ ಉಗಿಹಡಗನ್ನು, ಏರಿದರೆ ಮರುದಿನ ಮುಂಜಾನೆ ಮುಂಬಯಿ. ಅಲ್ಲಿ ರಾಯರ ತಮ್ಮ ಬಾಳಕೃಷ್ಣನ ಮನೆ. ಹಡಗು ದಂಡೆಯನ್ನು ಕಣ್ಣಳತೆಯಲ್ಲಿಯೇ ಇಟ್ಟುಕೊಂಡು ಸಾಗುವುದಾದುದರಿಂದ ಸಮುದ್ರೋಲ್ಲಂಘನೆಯ ದೋಷವೂ ತಟ್ಟದೆಂದು ರಾಯರು ತಮ್ಮಷ್ಟಕ್ಕೆ ನಿರ್ಣಯಿಸಿಕೊಂಡರು.

"ಬರತೀನಿ," ಎಂದಳು ಇಂದಿರಾಬಾಯಿ. "ಆದರ ಒಂದು ಕರಾರದ. ಮುಂಬಯಿ ಮುಟ್ಟೂತನಾ ನೀವು ಸೂಜಿರಾಯರಲ್ಲ, ನನ್ನ ಯಜಮಾನರು ಅಷ್ಟ. ಒಂದು ಕೂಸಿನ ತೋಳೂ ನೋಡಬಾರದು. ಹುಡುಗೂರು ಇದ್ದಲ್ಲೇ ಕೂಡಬಾರದು. ನಮ್ಮನ್ನ ನೋಡಿ ಒಂದು ಕೂಸೂ ಅಳಬಾರದು. ತುಳಸಿ ಮುಟ್ಟಿ ಹೇಳ್ರಿ."

ರಾಯರು ತುಳಸಿಯನ್ನು ಮುಟ್ಟಿ ಹೇಳಿದರು. ಅದೇ ಸಂಜೆ, ಸೂಜಿ ಮತ್ತು ಔಷಧದ ಚಪ್ಪಟೆಯಾದ ತಗಡಿನ ಡಬ್ಬಿಯನ್ನು ಸ್ವೆಟರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟರು. ತೆರೆಯಲೆಂದಲ್ಲ, ಅದು ಹತ್ತಿರ ಇಲ್ಲದಿದ್ದರೆ ಅವರಿಗೆ ಜನಿವಾರ ಕಳೆದುಕೊಂಡಂತೆ ಆಗುತ್ತಿತ್ತು.

ಪಣಜಿಯ ಧಕ್ಕೆಯಲ್ಲಿ ಹಡಗನ್ನು ಏರಿದಾಗ, ಮಕ್ಕಳಿಂದ ತಪ್ಪಿಸಿಕೊಳ್ಳುವುದು ಎಷ್ಟು ದುಸ್ತರವೆಂದು ದಂಪತಿಗಳಿಗೆ ತಿಳಿಯಿತು. ಮೆಟ್ಟಿಲ ಕೆಳಗೆ ಜಮಖಾನೆ ಹಾಸಿದರೆ, ಕೊಂಕಣಿಗರ ತುಂಬಿದ ಸಂಸಾರವೊಂದು ಬಂದು ಸುತ್ತುವರಿಯಿತು. ಕಟಾಂಜನದ ಪಕ್ಕಕ್ಕೆ ಸರಿದರೆ, ಮೀನು ನೋಡಲು ಹಡಗಿನ ಹುಡುಗರೆಲ್ಲ ಅಲ್ಲಿಗೇ ಓಡಿಬಂದರು. ರಾಯರು ಕಣ್ಣು ಮುಚ್ಚಿಕೊಂಡು ಜಮಖಾನೆ ಸುತ್ತಿದರು. ಕೊನೆಗೆ ಹೊಗೆ ಕೊಳವೆಯ ಬುಡದಲ್ಲಿ, ಕಾದ ಕಬ್ಬಿಣದ ಮಗ್ಗುಲಿಗೆ, ಯಾವ ತಾಯಿಯೂ ಕೂಸನ್ನು ಕರೆತಾರದ ಒಂದು ಜಾಗ ದೊರೆಯಿತು.

"ಹಿಂಗ ಕೂತರ ಮುಂಬಯಿ ಮುಟ್ಟೂದರಾಗ ಹಪ್ಪಳಾಗತೀವಿ," ಎಂದಳು ಇಂದಿರಾಬಾಯಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ.

"ಹಪ್ಪಳ ಅನಬ್ಯಾಡ. ಆ ಹೆಸರು ಕೇಳಿದರೂ ಹುಡುಗೂರು ಬರತಾವ."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಬುತ್ತಿ ಬಿಚ್ಚಿ ದಶಮಿ ರೊಟ್ಟಿ, ಶೇಂಗಾದ ಚಟ್ನಿ ತೆಗೆದಳು. ಗಂಡನಿಗೆ ಬಡಿಸಿ, ತಾನೂ ಪಕ್ಕದಲ್ಲಿಯೇ ಕುಳಿತು ಉಂಡಳು. ಮನೆಯಲ್ಲಿ ಹಾಗೆ ಎಂದೂ ಕುಳಿತವಳಲ್ಲ. ಎಡಕ್ಕೆ ಅಪಾರವಾದ ನೀಲಜಲ, ಬಲಕ್ಕೆ ತೆಂಗಿನ ದಂಡೆ. ಯಾರೂ ಆಕೆಯತ್ತ ಬೆರಳು ಮಾಡಲಿಲ್ಲ. ಆ ಮುಖದಲ್ಲಿ ಮೂಡಿದ್ದ ನೆಮ್ಮದಿಯನ್ನು ನೋಡಿ, ಇದನ್ನು ನಾಳೆಯವರೆಗೆ ಕೆಡಿಸಬಾರದೆಂದು ರಾಯರು ಮನಸ್ಸಿನಲ್ಲಿಯೇ ಮತ್ತೊಮ್ಮೆ ಆಣೆ ಮಾಡಿಕೊಂಡರು.

ಉಂಡು, ಜಪಮಾಲೆ ಹಿಡಿದು ಕುಳಿತಾಗ ಅವರ ಕಣ್ಣಿಗೆ ಆ ಕೌದಿ ಬಿತ್ತು.

ಕೊಳವೆಯ ಆಚೆಯ ಮೂಲೆಯಲ್ಲಿ ಇಳಕಲ್ ಸೀರೆಯ ಇಬ್ಬರು ಹೆಂಗಸರು ಕುಳಿತಿದ್ದರು. ವಿಭೂತಿ ಧರಿಸಿದ ಮುದುಕಿ ಒಬ್ಬಳು, ಹರೆಯದ ಸೊಸೆ ಒಬ್ಬಳು. ಇಬ್ಬರ ನಡುವೆ, ಸುಡುವ ಆ ಮಧ್ಯಾಹ್ನದಲ್ಲಿ, ತಲೆಯಿಂದ ಕಾಲಿನವರೆಗೆ ಕೌದಿ ಹೊದಿಸಿದ ಒಂದು ಕೂಸು.

ಇಷ್ಟು ಸೆಕೆಯಲ್ಲಿ ಕೌದಿ ಏಕೆ?

ರಾಯರ ಬೆರಳು ಮಣಿಯ ಮೇಲೆ ನಿಂತಿತು. ಮುದುಕಿ ಬುತ್ತಿ ಬಿಚ್ಚಿದಳು. ಬಿಳಿಯ ಮೊಸರನ್ನ, ಸಾಸಿವೆಯಿಲ್ಲ, ಕರಿಬೇವಿಲ್ಲ, ಒಗ್ಗರಣೆಯ ಸುಳಿವಿಲ್ಲ. ಸೊಸೆಯ ಕೂದಲು ಬಾಚದೆ ಕೆದರಿತ್ತು. ಮುದುಕಿಯ ಮುಷ್ಟಿಯಲ್ಲಿ ಬೇವಿನ ಟಿಸಿಲು. ಅಷ್ಟರಲ್ಲಿ ಹತ್ತಿರದ ಪ್ರಯಾಣಿಕಳೊಬ್ಬಳು ಮರಾಠಿಯಲ್ಲಿ ಒಂದು ಗುಟುಕು ಮಜ್ಜಿಗೆ ಕೇಳಿದಳು. ಸೊಸೆ ಮುಖ ತಿರುಗಿಸಿಕೊಂಡಳು. ಒಂದೊಂದೇ ಲಕ್ಷಣವನ್ನು ರಾಯರು ಜಪದ ಮಣಿಯ ಮೇಲೆ ಎಣಿಸತೊಡಗಿದರು.

"ನಿಮ್ಮ ಜಪ ಯಾವ ದಿಕ್ಕಿಗೆ ನಡದದ?" ಎಂದು ಕೇಳಿದಳು ಇಂದಿರಾಬಾಯಿ.

"ಪಡುವಣಕ್ಕ."

"ಪಡುವಣ ಈ ಕಡೆ ಅದ. ನೀವು ಆ ಕೌದಿ ಕಡೆ ನೋಡಲಿಕ್ಕೆ ಹತ್ತೀರಿ."

"ತೋಳ ನೋಡೂದಿಲ್ಲಂತ ಆಣಿ ಮಾಡೀನಿ. ಕೌದಿ ನೋಡೂದಿಲ್ಲಂತ ಮಾಡಿಲ್ಲ."

ಆಕೆಯ ಮುಖದ ನೆಮ್ಮದಿ ಅಲ್ಲಿಯೇ ಬಾಡಿತು. ರಾಯರು ನೀರು ತರುವ ನೆಪದಿಂದ ತಂಬಿಗೆ ಹಿಡಿದು ಎದ್ದರು. ಮೂಲೆಯ ಬಳಿ ಬರುತ್ತಲೇ ಮುದುಕಿಯು ಕೌದಿಯ ಅಂಚನ್ನು ಬಿಗಿಯಾಗಿ ಎಳೆದಳು. ಹೊರಗೆ ಚಾಚಿದ್ದ ಪುಟ್ಟ ಪಾದವೊಂದು ಆಮೆಯ ತಲೆಯಂತೆ ಒಳಗೆ ಸರಿಯಿತು.

"ಯಾವೂರಾತವ್ವಾ ನಿಮ್ಮದು?"

"ವಿಜಾಪುರ ಕಡೀದು."

ಸುಳ್ಳು. ಆ ಮಾತಿನ ಎಳೆತ ಮಲಪ್ರಭೆಯ ಈಚೆಗಿನದು. "ವಿಜಾಪುರ ಕಡೆ ಯಾವ ಹಳ್ಳಿ?"

"ದೊಡ್ಡ ಹಳ್ಳಿ. ನಿಮಗ್ಯಾಕ ಬೇಕಾಗೇತ್ರಿ ಅದು?"

"ಸುಮ್ಮನ ಕೇಳಿದೆ. ಕೂಸಿಗೆ ಆರಾಮಿಲ್ಲೇನು?"

"ನಿದ್ದಿ ಹತ್ತೇತಿ. ನಿದ್ದಿ ಮಾಡಾಕೂ ಸರಕಾರದ ಪರವಾನಗಿ ಬೇಕೇನ್ರಿ?"

ರಾಯರು ಬೆಚ್ಚಿದರು. ಖಾಕಿಯ ಚೀಲವಿಲ್ಲ, ಬಿಲ್ಲೆಯಿಲ್ಲ. ತಾವು ಸರಕಾರದವರೆಂದು ಈಕೆಗೆ ಹೇಗೆ ತಿಳಿಯಿತು? ಮುಚ್ಚಿಡಲು ಏನೂ ಇಲ್ಲದವರು ಸರಕಾರವನ್ನು ಏಕೆ ನೆನೆಯುವರು? ಅವರು ನೀರು ತುಂಬಿಕೊಂಡು ಹಿಂದಿರುಗುವಷ್ಟರಲ್ಲಿ ಮೂಲೆ ಬರಿದಾಗಿತ್ತು. ಹೆಂಗಸರು ಕೌದಿಯ ಸಮೇತ ಕೂಸನ್ನು ಎತ್ತಿಕೊಂಡು, ಹಡಗಿನ ಹಿಂಬದಿಯಲ್ಲಿ ಹಗ್ಗದ ಸುರುಳಿಗಳ ಮರೆಗೆ ಹೋಗಿ ಕುಳಿತಿದ್ದರು.

"ಇಂದಿರಾ, ಅಲ್ಲಿ ದೇವಿ ಬಂದ ಕೂಸದ," ಎಂದರು ರಾಯರು ಧ್ವನಿ ತಗ್ಗಿಸಿ. "ಹಡಗಿನ ತುಂಬ ಮಂದಿ. ನಾಳೆ ಮುಂಬಯಿ. ಕಪ್ತಾನಗ ಹೇಳಿದರ ಹಡಗ ನಡುನೀರಿನಾಗ ನಿಂದರತದ. ಹೇಳದಿದ್ದರ—"

"ನಿಮಗ ಎಲ್ಲಾ ಕೌದಿ ಒಳಗೂ ದೇವೀನ ಕಾಣಸ್ತಾಳ. ಆಣಿ ಮುರೀಲಿಕ್ಕೆ ನೆವಾ ಹುಡಕಲಿಕ್ಕೆ ಹತ್ತೀರೋ ಏನು?"

"ಮುರಿಯೂದಿದ್ದರ ನಿನ್ನ ಮುಂದ ಯಾಕ ಹೇಳತಿದ್ದೆ? ಸೀದಾ ಅಲ್ಲಿಗೇ ಹೋಗತಿದ್ದೆ."

ಇಂದಿರಾಬಾಯಿ ಬುತ್ತಿಯಿಂದ ಬೇಸನ್ ಉಂಡೆಗಳ ಗಂಟನ್ನು ತೆಗೆದುಕೊಂಡು ಎದ್ದಳು.

"ನೀವು ಇಲ್ಲೇ ಕೂಡ್ರಿ. ನೋಡೂದಿಲ್ಲಂತ ಆಣಿ ಮಾಡಿದವರು ನೀವು. ನಾ ಮಾಡಿಲ್ಲ."

ರಾಯರು ದೂರದಿಂದ ಕಂಡದ್ದು ಇಷ್ಟು: ಹೆಂಡತಿಯು ಹಗ್ಗದ ಸುರುಳಿಯ ಮೇಲೆ ಕುಳಿತಳು. ಬಹಳ ಹೊತ್ತು ಮಾತು. ಮುದುಕಿ ತಲೆಯಲ್ಲಾಡಿಸಿದಳು, ಕೈಯಾಡಿಸಿದಳು, ರಾಯರತ್ತ ಕಣ್ಣು ಹಾಯಿಸಿ ಏನೋ ಕೇಳಿದಳು. ಇಂದಿರಾಬಾಯಿ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ಆಮೇಲೆ ಕೌದಿ ಅಲುಗಿತು. ಎರಡು ಜಡೆಯ ಹುಡುಗಿಯೊಬ್ಬಳು ಹೊರಬಂದು ಉಂಡೆಗೆ ಕೈ ಚಾಚಿದಳು. ಚಾಚಿದವಳು ಇಂದಿರಾಬಾಯಿಯ ತೊಡೆಯೇರಿ ಕುಳಿತಳು. ಇಷ್ಟಾದರೂ ಹೆಂಡತಿಯು ಈಚೆಗೆ ತಿರುಗಿ ನೋಡಲಿಲ್ಲ. ಏಕೆ ನೋಡಲಿಲ್ಲ? ಏನು ಮಾತು ಕೊಟ್ಟಳು? ರಾಯರಿಗೆ ಈಗ ಹೆಂಡತಿಯ ಮೇಲೆಯೇ ಸಂಶಯ ಹುಟ್ಟಿತು.

ಹಡಗಿನ ದೀಪ ಹತ್ತುವ ಹೊತ್ತಿಗೆ ಆಕೆ ಹಿಂದಿರುಗಿದಳು.

"ದೇವಿ ಇಲ್ಲ. ಕೂಸಿನ ಮೈ ಕನ್ನಡಿ ಇದ್ದಂಗ ಅದ. ಅಜ್ಜಿಗೆ ಸೋಮವಾರದ ನೇಮ, ಅದಕ್ಕ ಒಗ್ಗರಣಿ ಇಲ್ಲ. ಹಡಗಿನಾಗ ಹೊಟ್ಟಿ ತೊಳಸತದಂತ ಬೇವು ಜಗೀತಾಳ. ಕೂದಲಾ ಗಾಳಿಗೆ ಹಾರ್ಯಾವ. ಮಜ್ಜಿಗಿ ಕೇಳಿದ ಮರಾಠಿ ಮಾತು ಸೊಸಿಗೆ ತಿಳದಿಲ್ಲ. ಅಷ್ಟ."

"ಮತ್ತ ಕೌದಿ?"

ಇಂದಿರಾಬಾಯಿಯ ತುಟಿಯಂಚಿನಲ್ಲಿ ನಗು ಸುಳಿದು ಮಾಯವಾಯಿತು. "ಕೌದಿ ನಿಮಗ ಅಂಜಿ. ಅವರು ದೊಡವಾಡದವರು. ಮುದುಕಿ ಕೆಂಚವ್ವ, ಸೊಸಿ ಸೋಮವ್ವ, ಕೂಸು ಚನ್ನಿ. ಪಣಜಿಯೊಳಗ ಕೆಂಚವ್ವನ ತಮ್ಮ ಮೆಣಸಿನಕಾಯಿ ವ್ಯಾಪಾರ ಮಾಡತಾನ. ಅವನ ಮನಿಂದ ಮುಂಬಯಿಗೆ ಮಗನ ಕಡೆ ಹೊಂಟಾರ. ಧಕ್ಕೆದಾಗೇ ನಿಮ್ಮ ಗುರುತು ಹಿಡದಾರ. ಊರಾಗ ಸಿಗಲಿಲ್ಲಂತ ಸರಕಾರ ನಿಮ್ಮನ್ನ ಬೆನ್ನ ಹತ್ತಿಸಿ ಹಡಗಿಗೇ ಕಳಸೇದಂತ ತಿಳದಾರ."

ರಾಯರಿಗೆ ಆ ಮನೆ ನೆನಪಾಯಿತು: ಹೋದಾಗಲೆಲ್ಲ ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಮುದುಕಿ, ಮೊರ ಕವುಚಿದ ಕಣಜ. ನಗಬೇಕೆಂದು ಬಾಯಿ ತೆರೆದವರು ನಗಲಿಲ್ಲ. "ಹಂಗಾರ ತೋಳು?" ಎಂದರು.

ಆಕೆ ಉಂಡೆಯ ಗಂಟನ್ನು ಮತ್ತೆ ಬಿಗಿದಳು. "ನೋಡಿದೆ. ಬರಿದು."

"ಮುಂಬಯಿಗೆ ಬಿಹಾರದಿಂದ ಗಾಡಿ ಬರತಾವ, ಇಂದಿರಾ. ಈ ವರ್ಷ ಬಿಹಾರದಾಗ ದೇವಿ ಬೇನಿ ಜೋರದ."

"ಗೊತ್ತದ. ಆದರ ನಿಮ್ಮನ್ನ ಆ ಕಡೆ ಬಿಡೂದಿಲ್ಲಂತ ನಾ ಕೆಂಚವ್ವಗ ಮಾತು ಕೊಟ್ಟೀನಿ. ಕೊಟ್ಟ ಮ್ಯಾಲೇ ಅಕಿ ಕೂಸನ್ನ ಕೌದಿಯಿಂದ ಹೊರಗ ಬಿಟ್ಟದ್ದು."

ಅಷ್ಟರಲ್ಲಿ ಹಗ್ಗದ ಮರೆಯಿಂದ ಸಣ್ಣ ದನಿಯೊಂದು ಕೂಗಿತು: "ಅಜ್ಜೀ, ಇನ್ನೊಂದ ಉಂಡಿ!" ಆ ಕೂಗಿಗೆ ಇಂದಿರಾಬಾಯಿಯ ಮೈಯೆಲ್ಲ ಕಿವಿಯಾಯಿತು. ಆಕೆ ಗಂಡನ ಮುಖ ನೋಡಿದಳು; ಹೋಗಬೇಡವೆಂದರೆ ಹೋಗುವವಳಲ್ಲ. ರಾಯರು ಆ ನೋಟವನ್ನು ತಾಳಲಾರದೆ ಮುಖವನ್ನು ಸಮುದ್ರದತ್ತ ತಿರುಗಿಸಿಕೊಂಡರು. "ಹೋಗು," ಎಂದರು. ತಮ್ಮ ಆಯುಷ್ಯದಲ್ಲಿ ಬರಿದಾದ ತೋಳೊಂದು ಹತ್ತಿರದಲ್ಲಿಯೇ ಇದೆಯೆಂದು ತಿಳಿದೂ ಅವರು ಸುಮ್ಮನೆ ಕುಳಿತದ್ದು ಅದೇ ಮೊದಲು.

ಬೆಳಗಿನ ಮಂಜಿನಲ್ಲಿ ಮುಂಬಯಿಯ ದೀಪಸ್ತಂಭ ಕಾಣತೊಡಗಿದಾಗ ಇಂದಿರಾಬಾಯಿ ಬಂದು ಎದುರಿಗೆ ನಿಂತಳು. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಡಬ್ಬಿ ಎಲ್ಲದ?"

"ಯಾವ ಡಬ್ಬಿ? ನಾ ಏನೂ ತಂದಿಲ್ಲ."

"ಸ್ವೆಟರಿನಾಗ ಸುತ್ತಿ ಟ್ರಂಕಿನ ತಳಕ್ಕ ಇಟ್ಟೀರಿ. ಮನ್ಯಾಗ ಟ್ರಂಕ ತುಂಬಿದಾಕಿ ನಾನಲ್ಲೇನು? ತೆಗೀತೀರೋ ಇಲ್ಲೋ ನೋಡಬೇಕಂತ ಬಾಯಿ ಮುಚ್ಚಿಕೊಂಡು ಬಂದೆ." ಆಕೆಯ ದನಿ ಇಳಿಯಿತು. "ಸೋಮವ್ವ ಎರಡು ಕೂಸು ಕಳಕೊಂಡಾಳ. ಎರಡೂ ದೇವಿ ಬಂದೇ ಹೋದವು. ಅತ್ತಿ ಮುಂದ ಅಕಿಗೆ ಬಾಯಿಲ್ಲ. ಚನ್ನಿ ನನ್ನ ಕೈ ಹಿಡಕೊಂಡು ಮಲಗಿದ್ದಳು. ಆ ತೋಳ ನನ್ನ ಕಣ್ಣಾಗ ಚುಚ್ಚಲಿಕ್ಕೆ ಹತ್ತೇದ. ಏಳ್ರಿ."

ರಾಯರು ಚಹದ ಅಂಗಡಿಯ ಕುದಿಯುವ ನೀರನ್ನು ಕೇಳಿ ತಂದು ಸೂಜಿ ತೊಳೆದರು. ಹಗ್ಗದ ಮರೆಗೆ ಬಂದಾಗ ಕೆಂಚವ್ವ ಹುಡುಗಿಯನ್ನು ಬೆನ್ನ ಹಿಂದೆ ದೂಡಿ ಎದ್ದು ನಿಂತಳು.

"ಬಾಯಾರ! ಮಾತ ಕೊಟ್ಟಿದ್ರಿ ನೀವು!"

"ಕೊಟ್ಟಿದ್ದೆನವ್ವಾ. ಮುರೀಲಿಕ್ಕೆ ಬಂದೀನಿ."

"ಮೊದಲ ಅನಮಾನ ಇತ್ತ ನನಗ. ಉಂಡಿ ತಿನಿಸಿ ಬಲೆ ಬೀಸಿದ್ರಿ! ತಾಯಿ ಕೊಟ್ಟ ಕೂಸೈತಿ ಇದು. ಸೂಜಿ ಮುಟ್ಟಸೂದಿಲ್ಲಂತ ಎಲ್ಲವ್ವಗ ಬೇಡಿಕೊಂಡೇನಿ. ಅಕಿ ಮುನಿದರ ಯಾರ ತಡೀತಾರ?"

ಇಂದಿರಾಬಾಯಿ ಮಾತಾಡದೆ ರವಿಕೆಯ ತೋಳನ್ನು ಸರಿಸಿದಳು. ಕೆಂಚವ್ವ ಬಾಗಿ ನೋಡಿದಳು, ಸಂಶಯದಿಂದ ಬೆರಳೂರಿ ಒತ್ತಿದಳು. "ಇದ ಸೂಜೀದೋ, ಸುಟ್ಟ ಗಾಯೋ?"

"ಸೂಜೀದು. ಊರಾಗ ಯಾರೂ ತೋಳ ಕೊಡಲಿಲ್ಲ, ನಾ ಕೊಟ್ಟೆ. ಇವರ ಕೈ ಆಗ ಬಾಳ ಒರಟಿತ್ತು. ಈಗ ಪಳಗೇದ."

ಇಷ್ಟು ಹೊತ್ತು ನೆಲ ನೋಡುತ್ತ ನಿಂತಿದ್ದ ಸೋಮವ್ವ ಮೆಲ್ಲಗೆ ಎಂದಳು: "ಅತ್ತೀ, ಎರಡು ಕೂಸು ತಾಯಿಗೆ ಒಪ್ಪಿಸೇನಿ. ಇದೊಂದು ನನಗಿರಲಿ."

ಸೊಸೆಯು ತನ್ನೆದುರು ಬಾಯಿ ತೆರೆದುದನ್ನು ಕೆಂಚವ್ವ ಅಂದೇ ಮೊದಲು ಕೇಳಿದಳೆಂದು ತೋರುತ್ತದೆ. ಆಕೆ ಮೂಡಣ ದಿಕ್ಕಿಗೆ, ಕಾಣದ ಸವದತ್ತಿಯ ಎಲ್ಲವ್ವನ ಗುಡ್ಡದತ್ತ ತಿರುಗಿ ಕೈ ಮುಗಿದಳು. ತಿರುಗಿ ಬಂದು ತನ್ನ ಒಣಗಿದ ತೋಳನ್ನು ರಾಯರ ಮುಂದೆ ಚಾಚಿದಳು.

"ಮೊದಲ ನನಗ ಹಾಕ್ರಿ ರಾಯರ. ಬೇಡಿಕೊಂಡಾಕಿ ನಾನು. ತಾಯಿ ಮುನಿದರ ನನ್ನ ಮ್ಯಾಲೆ ಮುನೀಲಿ."

ಸೂಜಿ ತಾಗುತ್ತಲೇ, "ಅಯ್ಯಯ್ಯ ನಮ್ಮವ್ವಾ!" ಎಂದು ಆಕೆ ಹಡಗೆಲ್ಲ ಕೇಳುವಂತೆ ಕೂಗಿದಳು. ಚನ್ನಿ ಅಜ್ಜಿಯ ಬೆನ್ನ ಹಿಂದಿನಿಂದ ಇಣುಕಿ ಕಿಲಕಿಲನೆ ನಕ್ಕಳು. ನಗುತ್ತಿದ್ದಾಗಲೇ ಸೋಮವ್ವ ಆಕೆಯ ತೋಳನ್ನು ಹಿಡಿದು ಕೊಟ್ಟಳು. ಆಮೇಲೆ ಆ ನಗುವು ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಹಡಗು ಧಕ್ಕೆಗೆ ಹತ್ತಿತು. ಜನರು ಗಂಟುಮೂಟೆ ಹೊತ್ತು ಇಳಿಯತೊಡಗಿದರು. ಇಂದಿರಾಬಾಯಿ ಗಂಟಿನಲ್ಲಿ ಉಳಿದಿದ್ದ ಕೊನೆಯ ಉಂಡೆಯನ್ನು ಅಂಗೈಯಲ್ಲಿಟ್ಟು ಚನ್ನಿಯ ಮುಂದೆ ಹಿಡಿದಳು. ತಾಯಿಯ ಹೆಗಲ ಮೇಲಿದ್ದ ಹುಡುಗಿ ಉಂಡೆಯನ್ನು ನೋಡಿದಳು. ಆ ಕೈಯ ಹಿಂಬದಿಯನ್ನು ನೋಡಿದಳು. ಇನ್ನೊಂದು ಕೈಯಲ್ಲಿ ಏನು ಅಡಗಿದೆಯೋ ಎಂದು ಬಗ್ಗಿ ನೋಡಿದಳು. ಬಳಿಕ ಮುಖವನ್ನು ತಾಯಿಯ ಕೊರಳಿನಲ್ಲಿ ಹುದುಗಿಸಿ ಅಳತೊಡಗಿದಳು.

"ಊರಿಗೆ ಬಂದಾಗ ಮನಿಗೆ ಬರ್ರಿ ಬಾಯಾರ," ಎಂದಳು ಕೆಂಚವ್ವ, ತೋಳು ತಿಕ್ಕಿಕೊಳ್ಳುತ್ತ. "ಇವರನ್ನ ಬಸ್ ಸ್ಟ್ಯಾಂಡಿನಾಗ ಬಿಟ್ಟ ಬರ್ರಿ."

ಜನಸಂದಣಿಯಲ್ಲಿ ಅವರು ಮರೆಯಾಗುವವರೆಗೂ ಇಂದಿರಾಬಾಯಿ ಉಂಡೆ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಆ ಅಳುವು ತಮ್ಮಿಂದ ಆಕೆಗೆ ಬಂದ ಪಾಲೆಂದು ರಾಯರಿಗೆ ಅನ್ನಿಸಿತು. ಅವರು ಟ್ರಂಕು ತೆರೆದು ಡಬ್ಬಿಯನ್ನು ಒಳಗಿಡಲು ಬಾಗಿದರು. ಆಕೆ ಅದನ್ನು ಅವರ ಕೈಯಿಂದ ತೆಗೆದುಕೊಂಡಳು.

"ಯಾಕ? ಸಮುದ್ರಕ್ಕ ಒಗೀತೀಯೇನು?" ಎಂದು ಕೇಳಿದರು ರಾಯರು, ನಿಜವಾಗಿಯೂ ಹೆದರಿ.

"ನನ್ನ ಚೀಲದಾಗ ಇರಲಿ. ತಳಕ್ಕ ಇಟ್ಟರ ಬೇಕಾದಾಗ ಸಿಗೂದಿಲ್ಲ." ಆಕೆ ಉಂಡೆಯನ್ನು ಎರಡು ಹೋಳು ಮಾಡಿ ಒಂದನ್ನು ಗಂಡನಿಗೆ ಕೊಟ್ಟಳು. "ತಿರುಗಿ ಹೋಗೂವಾಗ ರೈಲಿನಾಗ ಹೋಗೂಣು. ಅದರಾಗ ಹುಡುಗೂರು ಬಾಳ ಇರತಾವ."

ರಾಯರು ಹೆಂಡತಿಯ ಮುಖವನ್ನು ಸಂಶಯದಿಂದ ನೋಡಿದರು. ಆಕೆ ಅವರತ್ತ ನೋಡುತ್ತಿರಲಿಲ್ಲ. ಮೆಟ್ಟಿಲಿನ ಮೇಲೆ ಮುಂದೆ ಇಳಿಯುತ್ತಿದ್ದ ಕೊಂಕಣಿಗರ ಹುಡುಗನ ಅಂಗಿಯ ತೋಳು ಗಾಳಿಗೆ ಎದ್ದಿತ್ತು. ಇಂದಿರಾಬಾಯಿ ಕತ್ತು ಚಾಚಿ, ಗಂಡನಿಗಿಂತ ಮೊದಲೇ, ಅದರೊಳಗೆ ಕಣ್ಣಿಟ್ಟಿದ್ದಳು.